ಮಾದರಿ ಹೇಳಿದ ಲೆಕ್ಕ, ಟೇಪು ಹೇಳಿದ ಲೆಕ್ಕ

ಪ್ರಶ್ನೆ: ಕಲಬುರಗಿಯ ಒಂದು ವಿಶ್ವವಿದ್ಯಾಲಯದ ಸಿವಿಲ್ ವಿಭಾಗದಲ್ಲಿ ಕ್ವಾಂಟಿಟಿ ಸರ್ವೇಯಿಂಗ್, ಅಂದರೆ ಕಟ್ಟಡದ ಸಾಮಗ್ರಿ ಮತ್ತು ವೆಚ್ಚದ ಲೆಕ್ಕ, ಪಾಠ ಮಾಡುತ್ತೇನೆ. ಈ ವರ್ಷದಿಂದ ಕಟ್ಟಡದ ಡಿಜಿಟಲ್ ಮಾದರಿ, ಅಂದರೆ ಬಿಮ್, ಕಲಿಸಬೇಕೆಂದು ವಿಭಾಗ ತೀರ್ಮಾನಿಸಿದೆ. ತರಗತಿಯಲ್ಲಿ 60 ಮಂದಿ, ಪ್ರಯೋಗಾಲಯದಲ್ಲಿ 20 ಕಂಪ್ಯೂಟರ್, ವಾರಕ್ಕೆ ಮೂರು ಗಂಟೆ. ಹೋದ ವರ್ಷ ಪ್ರಯೋಗಕ್ಕೆಂದು ಮಾಡಿಸಿದಾಗ ವಿದ್ಯಾರ್ಥಿಗಳು ಚೆಂದದ ಮನೆಗಳನ್ನು ಪರದೆಯ ಮೇಲೆ ಕಟ್ಟಿದರು, ಪ್ರಮಾಣ ಪಟ್ಟಿಯನ್ನೂ ತೆಗೆದುಕೊಟ್ಟರು. ಆದರೆ ‘ಈ ಸಂಖ್ಯೆ ಎಲ್ಲಿಂದ ಬಂತು’ ಎಂದು ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಕಂಪ್ಯೂಟರೇ ಎಲ್ಲ ಕೊಡುವಾಗ ಗೋಡೆಯ ನಡುಗೆರೆಯ ಉದ್ದ ಹಿಡಿದು ಲೆಕ್ಕ ಹಾಕುವ ಸೆಂಟರ್ ಲೈನ್ ವಿಧಾನ ಏಕೆ ಕಲಿಯಬೇಕು ಎಂದು ನನ್ನನ್ನೇ ಕೇಳುತ್ತಾರೆ. ಯಾವ ತಂತ್ರಾಂಶ ಆರಿಸಲಿ, ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ವಿದ್ಯಾರ್ಥಿಗಳ ಪ್ರಶ್ನೆ ಉಡಾಫೆಯದಲ್ಲ. ಮೊದಲು ಅದಕ್ಕೆ ಉತ್ತರ ಕೊಡೋಣ, ತಂತ್ರಾಂಶದ ಮಾತು ಆಮೇಲೆ. ಕಟ್ಟಡದ ವಿವರಣೆಯನ್ನು ಕಂಪ್ಯೂಟರಿಗೆ ಕೊಟ್ಟುಬಿಟ್ಟರೆ ಸಾಮಗ್ರಿಯ ಪ್ರಮಾಣವೂ ವೆಚ್ಚದ ಅಂದಾಜೂ ಅದರಿಂದಲೇ ಹೊರಬರುತ್ತವೆ ಎಂದು ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ 1975ರಲ್ಲೇ ಬರೆದಿದ್ದರು. ಐವತ್ತು ವರ್ಷದ ಆ ಮಾತು ಇಂದು ಮುಕ್ಕಾಲು ಪಾಲು ನಿಜವಾಗಿದೆ. ಉಳಿದ ಕಾಲು ಪಾಲಿನಲ್ಲೇ ನಮ್ಮ ವೃತ್ತಿಯ ಅನ್ನವಿದೆ. ಅದು ಎಲ್ಲಿದೆ ಎಂದು ತೋರಿಸುವುದಕ್ಕೆ ದೊಡ್ಡ ಕಟ್ಟಡ ಬೇಡ, ಒಂದು ಕೋಣೆ ಸಾಕು.

ಒಳಅಳತೆ 4 ಮೀಟರ್‌ಗೆ 3 ಮೀಟರ್, ಇಟ್ಟಿಗೆ ಗೋಡೆ 0.23 ಮೀಟರ್ ದಪ್ಪ, ಎತ್ತರ 3 ಮೀಟರ್. ಒಂದು ಬಾಗಿಲು, 1.0ಕ್ಕೆ 2.1. ಒಂದು ಕಿಟಕಿ, 1.2ಕ್ಕೆ 1.2. ಇದನ್ನು ಬಿಡಿಸಿ ಎಂದು ಮೂರು ಗುಂಪುಗಳಿಗೆ ಹೇಳಿ, ಬೇರೇನೂ ಹೇಳಬೇಡಿ. ಒಂದು ಗುಂಪು 4 ಮತ್ತು 3ನ್ನು ಗೋಡೆಯ ನಡುಗೆರೆಯ ಮೇಲೆಯೇ ಹಾಕಿಬಿಡುತ್ತದೆ, ಗೋಡೆಯ ಒಟ್ಟು ಉದ್ದ 14.00 ಮೀಟರ್ ಬರುತ್ತದೆ. ಇನ್ನೊಂದು ಗುಂಪು ಹೊರ ಅಳತೆ ಹಿಡಿದು ನಾಲ್ಕು ಗೋಡೆಗಳನ್ನು ಬಿಡಿಬಿಡಿಯಾಗಿ ಇಡುತ್ತದೆ, ಮೂಲೆಗಳಲ್ಲಿ ಬೆಸೆಯುವುದಿಲ್ಲ. ಅವರಿಗೆ 15.84 ಬರುತ್ತದೆ. ನಡುಗೆರೆಯ ಅಳತೆ 4.23 ಮತ್ತು 3.23 ಎಂದು ಹಿಡಿದು ಸರಿಯಾಗಿ ಬಿಡಿಸಿದವರಿಗೆ 14.92. ಈಗ ಕಪ್ಪು ಹಲಗೆಯ ಮೇಲೆ ಮೂರನ್ನೂ ಒಂದರ ಕೆಳಗೆ ಒಂದು ಬರೆಯಿರಿ. 14.92ರಿಂದ ಕೆಳಕ್ಕೂ 0.92, ಮೇಲಕ್ಕೂ 0.92. ಅದು ನಾಲ್ಕು ಸಲ 0.23, ಅಂದರೆ ನಾಲ್ಕು ಮೂಲೆ. ಒಂದು ಗುಂಪು ನಾಲ್ಕು ಮೂಲೆಗಳನ್ನು ಕಳೆದುಕೊಂಡಿದೆ, ಇನ್ನೊಂದು ನಾಲ್ಕನ್ನೂ ಎರಡೆರಡು ಸಲ ಎಣಿಸಿದೆ. ಘನಅಳತೆಯಲ್ಲಿ ತಲಾ 0.63 ಘನ ಮೀಟರ್. ಸೆಂಟರ್ ಲೈನ್ ವಿಧಾನ ಏಕೆ ಎಂದು ಕೇಳಿದ ಹುಡುಗನೇ ಎದ್ದು ಬಂದು ಹಲಗೆಯ ಮುಂದೆ ನಿಲ್ಲುತ್ತಾನೆ. ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಇನ್ನು ಗಿಲಾವು. ಒಳಗೋಡೆ 42.00 ಚದರ ಮೀಟರ್, ಹೊರಗೋಡೆ 47.52, ಎರಡೂ ಸೇರಿ 89.52. ಬಾಗಿಲು 2.10, ಕಿಟಕಿ 1.44, ತೆರಪು ಒಟ್ಟು 3.54. ತಂತ್ರಾಂಶ ತೆರಪನ್ನು ಎರಡೂ ಮುಖದಿಂದ ಕತ್ತರಿಸಿ 82.44 ಎನ್ನುತ್ತದೆ. ಶ್ರದ್ಧೆಯಿಂದ ಬಾಗಿಲು ಕಿಟಕಿಗಳ ಒಳಪಕ್ಕೆಗಳಿಗೂ ಗಿಲಾವು ಹಚ್ಚಿ ಬಿಡಿಸಿದರೆ ಇನ್ನೊಂದು 2.30 ಸೇರಿ 84.74. ಆದರೆ ನಮ್ಮ ಅಳತೆಯ ಸಂಹಿತೆ ಐಎಸ್ 1200ರ 12ನೇ ಭಾಗ ಬೇರೆಯೇ ಮಾತು ಹೇಳುತ್ತದೆ. ಎರಡೂ ಮುಖಕ್ಕೆ ಒಂದೇ ಬಗೆಯ ಗಿಲಾವು ಇದ್ದಾಗ ಅರ್ಧ ಚದರ ಮೀಟರ್‌ವರೆಗಿನ ತೆರಪಿಗೆ ಕಡಿತವೇ ಇಲ್ಲ. ಅರ್ಧ ದಾಟಿ ಮೂರರೊಳಗಿದ್ದರೆ ಒಂದು ಮುಖ ಮಾತ್ರ ಕಳೆಯಬೇಕು, ಪಕ್ಕೆಗಳಿಗೆ ಬೇರೆ ಲೆಕ್ಕವಿಲ್ಲ. ಮೂರನ್ನು ದಾಟಿದರೆ ಎರಡೂ ಮುಖ ಕಳೆದು ಪಕ್ಕೆಗಳನ್ನು ಅಳೆದು ಸೇರಿಸಬೇಕು. ನಮ್ಮ ಬಾಗಿಲು, ಕಿಟಕಿ ಬಿಡಿಬಿಡಿಯಾಗಿ ಮೂರರೊಳಗಿವೆ, ಒಂದು ಮುಖ ಮಾತ್ರ ಕಳೆದರೆ ನಮ್ಮ ಕೋಣೆಗೆ 85.98. ಒಂದೇ ಕೋಣೆ, ಮೂರು ಉತ್ತರ. ಗೌಂಡಿ ಕೈಯಿಂದ ನಿಜವಾಗಿ ಬಳಿದದ್ದು 84.74, ಬಿಲ್ಲಿನಲ್ಲಿ ಬರೆಯಬೇಕಾದದ್ದು 85.98. ಇವೆರಡರಲ್ಲಿ ಯಾವುದೂ ಸುಳ್ಳಲ್ಲ. ಸುಳ್ಳಾಗುವುದು 82.44, ಪರದೆಯ ಮೇಲೆ ತಾನಾಗಿ ಮೂಡಿದ್ದು ಅದೊಂದೇ.

ಇಲ್ಲಿಗೆ ನಿಮ್ಮ ಪಠ್ಯದ ಬೆನ್ನೆಲುಬು ಸಿಕ್ಕಿತು. ಮಾದರಿ ಆಕಾರವನ್ನು ಬಲ್ಲದು, ಕರಾರನ್ನು ಅರಿಯದು. ಅಳತೆಯ ನಿಯಮ ಕರಾರಿನದು. ನಮ್ಮ ಹುಡುಗರು ಹೈದರಾಬಾದಿಗೋ ಪುಣೆಗೋ ಹೋಗುತ್ತಾರೆ, ಕೆಲವರು ಗಲ್ಫ್‌ಗೆ ಹೋಗುತ್ತಾರೆ. ಗಲ್ಫ್‌ನ ಬ್ರಿಟಿಷ್ ಮೂಲದ ಅಳತೆ ನಿಯಮಗಳಲ್ಲಿ ಕಡಿತದ ಮಿತಿ ಬೇರೆ, ಸೇರ್ಪಡೆ ಬೇರೆ. ಕಟ್ಟಡ ಅದೇ, ಮಾದರಿಯ ಕಡತ ಅದೇ, ಪ್ರಮಾಣ ಪಟ್ಟಿ ಮಾತ್ರ ಬೇರೆ. ಹಾಗಾಗಿ ನಿಮ್ಮ ಮಕ್ಕಳಿಗೆ ಮಾದರಿ ಕಟ್ಟುವುದಕ್ಕಿಂತ ಮಾದರಿಯನ್ನು ತಾಳೆ ನೋಡುವುದನ್ನು ಕಲಿಸಿ. ಅವರ ಕೆಲಸದ ಜೀವನದಲ್ಲಿ ಮಾದರಿ ಬಿಡಿಸುವವರು ಬೇರೆಯವರೇ ಇರುತ್ತಾರೆ. ಇವರ ಮೇಜಿಗೆ ಬರುವುದು ಬಿಡಿಸಿ ಮುಗಿದ ಕಡತ. ಆರ್ಕಿಟೆಕ್ಟ್‌ಗೆ ಅದು ನೋಡಲು ಸರಿಯಾಗಿದ್ದರೆ ಆಯಿತು, ಇವರಿಗೆ ಎಣಿಸಲು ಸರಿಯಾಗಿರಬೇಕು.

ಈ ಪಾಠವನ್ನು ನಾನು ಕಲಿತದ್ದು ತರಗತಿಯಲ್ಲಲ್ಲ. ಒಂದು ವಸತಿ ನಿಲಯದ ಕೆಲಸದಲ್ಲಿ ರಚನೆಯ ಮಾದರಿ ಬೇರೊಂದು ಊರಿನಿಂದ ಬಂತು. ಕಂಬ, ತೊಲೆ, ಚಪ್ಪಡಿ ಎಲ್ಲ ಬಣ್ಣಬಣ್ಣವಾಗಿ ಕಾಣುತ್ತಿದ್ದವು. ಪಟ್ಟಿ ತೆಗೆದೆ, ಕಾಂಕ್ರೀಟಿಗೆ ಹೇಳಿಬಿಟ್ಟೆ. ಒಂದು ಅಂತಸ್ತು ಹಾಕಿ ಮುಗಿದಾಗ ಎರಡು ಟ್ರಾನ್ಸಿಟ್ ಮಿಕ್ಸರ್ (ಕಾಂಕ್ರೀಟ್ ಲಾರಿ) ಭರ್ತಿ ಮಾಲು ರಸ್ತೆಯಲ್ಲಿ ನಿಂತಿತ್ತು, ಏಪ್ರಿಲ್ ಬಿಸಿಲಿನಲ್ಲಿ. ಕಲಬುರಗಿಯ ಏಪ್ರಿಲ್ ಎಂದರೆ ನಿಮಗೆ ವಿವರಿಸಬೇಕಾಗಿಲ್ಲ, ಕಾಂಕ್ರೀಟು ಮಾತು ಮುಗಿಯುವುದರೊಳಗೆ ಗಟ್ಟಿಯಾಗುತ್ತದೆ. ಆಮೇಲೆ ಕೂತು ನೋಡಿದರೆ ತೊಲೆಗಳನ್ನು ಚಪ್ಪಡಿಯ ಮೇಲ್ಮೈವರೆಗೆ ಪೂರ್ತಿ ಎತ್ತರಕ್ಕೆ ಬಿಡಿಸಿದ್ದರು, ಚಪ್ಪಡಿಯನ್ನೂ ತೊಲೆಯ ಮೇಲೆ ಹಾಗೆಯೇ ಹಾಯಿಸಿದ್ದರು, ಎರಡನ್ನೂ ಬೆಸೆದಿರಲಿಲ್ಲ. 0.23 ಅಗಲದ ತೊಲೆ, 0.15 ದಪ್ಪದ ಚಪ್ಪಡಿ. ಒಂದು ಮೀಟರ್ ಉದ್ದಕ್ಕೆ 0.0345 ಘನ ಮೀಟರ್ ಎರಡು ಸಲ ಎಣಿಕೆಯಾಗಿತ್ತು. ಕೇಳಲು ಒಂದು ಹಿಡಿ. ಆ ಅಂತಸ್ತಿನಲ್ಲಿ ಸುಮಾರು 400 ಮೀಟರ್ ತೊಲೆ ಇತ್ತು, 13.8 ಘನ ಮೀಟರ್ ಆಯಿತು. ತೊಲೆಯನ್ನು ಚಪ್ಪಡಿಯ ಅಡಿಯಿಂದ ಕೆಳಕ್ಕೆ, ಕಂಬದ ಮುಖದಿಂದ ಮುಖಕ್ಕೆ ಅಳೆಯಬೇಕು ಎಂದು ನಾನೇ ಹತ್ತಾರು ಸಲ ಪಾಠ ಹೇಳಿದವನು. ತಪ್ಪು ಬಿಡಿಸಿದವರದಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ತಾಳೆ ನೋಡದೆ ನಂಬಿದ ತಪ್ಪು ನನ್ನದು.

ಆದ್ದರಿಂದ ನಿಮ್ಮ ಮುಖ್ಯ ಸಾಧನ ತಪ್ಪುಗಳಿರುವ ಮಾದರಿ. ಒಂದು ಚಿಕ್ಕ ಕಟ್ಟಡ, ಉದಾಹರಣೆಗೆ ಎರಡು ಕೋಣೆಯ ಅಂಗನವಾಡಿ, ನೀವೇ ಬಿಡಿಸಿ. ಬೇಕೆಂದೇ ಐದಾರು ತಪ್ಪು ಹೂಳಿ. ಒಂದು ಗೋಡೆಯ ಮೇಲೆ ಅದೇ ಗೋಡೆ ಇನ್ನೊಮ್ಮೆ ಇರಲಿ. ಲಿಂಟಲ್ ಗೋಡೆಯೊಳಗೆ ಇದ್ದರೂ ಗೋಡೆಯನ್ನು ಕತ್ತರಿಸದಿರಲಿ, ಆಗ ಅದೇ ಜಾಗ ಇಟ್ಟಿಗೆಯ ಲೆಕ್ಕದಲ್ಲೂ ಕಾಂಕ್ರೀಟಿನ ಲೆಕ್ಕದಲ್ಲೂ ಬರುತ್ತದೆ. ಪಾಯದ ಕೆಳಗಿನ ಬೆಡ್ ಕಾಂಕ್ರೀಟ್ ಬಿಡಿಸದೆ ಬಿಡಿ. ಒಂದು ಗೋಡೆ ಚಪ್ಪಡಿಯ ಅಡಿಗೆ ನಿಲ್ಲದೆ ಮೇಲಿನ ಅಂತಸ್ತಿನ ಮಟ್ಟದವರೆಗೆ ಹೋಗಲಿ. ವಿದ್ಯಾರ್ಥಿಗಳಿಗೆ ಎಷ್ಟು ತಪ್ಪುಗಳಿವೆ ಎಂದು ಹೇಳಬೇಡಿ. ಹೇಳಿದರೆ ಆ ಸಂಖ್ಯೆ ಮುಟ್ಟಿದ ಕೂಡಲೇ ನಿಲ್ಲಿಸುತ್ತಾರೆ, ಕೆಲಸದಲ್ಲಿ ಯಾರೂ ಸಂಖ್ಯೆ ಹೇಳಿಕೊಡುವುದಿಲ್ಲ. ಇನ್ನೊಂದು ಮಾತು: ಒಂದೇ ಜಾಗದಲ್ಲಿ ಅದೇ ವಸ್ತು ಎರಡು ಸಲ ಇದ್ದರೆ ಕೆಲವು ತಂತ್ರಾಂಶಗಳು ತಾವೇ ಎಚ್ಚರಿಕೆ ಕೊಡುತ್ತವೆ. ಹುಡುಗರು ಅದನ್ನು ಓದದೆ ಮುಚ್ಚುತ್ತಾರೆ, ಮೊಬೈಲಿನಲ್ಲಿ ಜಾಹೀರಾತು ಮುಚ್ಚಿದ ಹಾಗೆ. ಎಚ್ಚರಿಕೆಗಳ ಪಟ್ಟಿಯನ್ನು ತೆರೆದು ಓದಿಸುವುದಕ್ಕೇ ಒಂದು ತರಗತಿ ಮೀಸಲಿಡಿ.

60 ಮಂದಿಗೆ 20 ಕಂಪ್ಯೂಟರ್ ಇರುವುದನ್ನು ಕೊರತೆ ಎಂದುಕೊಳ್ಳಬೇಡಿ. ಒಂದು ಯಂತ್ರಕ್ಕೆ ಮೂವರು: ಒಬ್ಬ ಮಾದರಿಯ ಮುಂದೆ, ಒಬ್ಬಳು ಕಾಗದದ ಮೇಲೆ ಕೈಲೆಕ್ಕ, ಮೂರನೆಯವರು ಅಳತೆ ಪುಸ್ತಕ ಬರೆಯುವವರು. ವಾರಕ್ಕೊಮ್ಮೆ ಜಾಗ ಬದಲಿಸಲಿ. ಕೈಲೆಕ್ಕದವರು ಉತ್ತರ ಬರೆದು ಮಡಚಿಟ್ಟ ಮೇಲೆಯೇ ಮಾದರಿಯವರು ಪಟ್ಟಿ ತೆಗೆಯಬೇಕು, ಈ ಕ್ರಮ ತಪ್ಪಿಸಲು ಬಿಡಬೇಡಿ. ಮೊದಲು ಪಟ್ಟಿ ನೋಡಿಬಿಟ್ಟರೆ ಕೈಲೆಕ್ಕ ತಾನಾಗಿ ಅದೇ ಉತ್ತರಕ್ಕೆ ಹೋಗಿ ಸೇರುತ್ತದೆ, ಮನುಷ್ಯ ಸ್ವಭಾವ. ಮೂರನೆಯವರ ಪಾತ್ರ ಅಲಂಕಾರಕ್ಕಲ್ಲ. ಅಳತೆ ಪುಸ್ತಕ ಸಂಖ್ಯೆ, ಉದ್ದ, ಅಗಲ, ಎತ್ತರ ಎಂಬ ಕಲಮುಗಳಲ್ಲಿ ಮಾತಾಡುತ್ತದೆ. ಮಾದರಿ 9.38 ಘನ ಮೀಟರ್ ಇಟ್ಟಿಗೆ ಕೆಲಸ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಮೇಲಿನ ಕೋಣೆಯಲ್ಲಿ ಲಿಂಟಲ್‌ಗಳನ್ನೂ ಕಳೆದ ಮೇಲೆ ಉಳಿಯುವುದು ಅಷ್ಟೇ. ಬಿಲ್ಲು ಪರೀಕ್ಷಿಸುವ ಎಂಜಿನಿಯರ್‌ಗೆ ಆ 9.38 ಬೇಡ, 14.92 ಎಲ್ಲಿಂದ ಬಂತು, ಎಷ್ಟು ಕಳೆದಿರಿ ಎಂಬ ಸಾಲುಗಳು ಬೇಕು. ಮೊತ್ತದಿಂದ ಸಾಲಿಗೆ ಹಿಂದಕ್ಕೆ ನಡೆಯುವ ಈ ಕೆಲಸ ಬಂದವರಿಗೆ ನೌಕರಿಯಲ್ಲಿ ಮರ್ಯಾದೆ ಇದೆ.

ತಂತ್ರಾಂಶಕ್ಕೆ ಬರುತ್ತೇನೆ. ಇದರ ಬಗ್ಗೆ ವಿಭಾಗಗಳಲ್ಲಿ ನಡೆಯುವ ವಾದವನ್ನು ನೋಡಿದರೆ ಎತ್ತಿಗಿಂತ ಕೊರಳ ಗೆಜ್ಜೆಗೆ ಚೌಕಾಸಿ ಹೆಚ್ಚು ಎನಿಸುತ್ತದೆ. ಆಟೋಡೆಸ್ಕ್‌ನ ರೆವಿಟ್ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಶಿಕ್ಷಣ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತದೆ, ನೌಕರಿಯ ಜಾಹೀರಾತುಗಳಲ್ಲಿ ಅದರ ಹೆಸರೇ ಹೆಚ್ಚು ಕಾಣುತ್ತದೆ. ಆದರೆ ಅದು ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ಹಳೆಯ ಯಂತ್ರಗಳಲ್ಲಿ ಏದುಸಿರು ಬಿಡುತ್ತದೆ. ನಿಮ್ಮ ಯಂತ್ರಗಳು ಹಳೆಯವಾದರೆ ಫ್ರೀಕ್ಯಾಡ್ ಇದೆ, ಬ್ಲೆಂಡರ್ ಎಂಬ ಮೂರು ಆಯಾಮದ ಚಿತ್ರಣ ತಂತ್ರಾಂಶದ ಮೇಲೆ ಕೂರುವ ಬೋನ್ಸಾಯ್ ಇದೆ, ಎರಡೂ ಮುಕ್ತ ತಂತ್ರಾಂಶಗಳು, ಯಾರನ್ನೂ ಕೇಳದೆ ಹಾಕಿಕೊಳ್ಳಬಹುದು. ಯಾವುದನ್ನು ಆರಿಸಿದರೂ ಮಾದರಿಯನ್ನು ಐಎಫ್‌ಸಿ ರೂಪದಲ್ಲಿ ಹೊರತೆಗೆಯುವುದನ್ನು ಕಲಿಸಿ. ಅದು ಯಾವ ಕಂಪನಿಯ ಸೊತ್ತೂ ಅಲ್ಲದ, ಐಎಸ್ಒ 16739 ಎಂದು ದಾಖಲಾದ ಮುಕ್ತ ರೂಪ. ಅದರ ಕಡತ ಬರಿಯ ಅಕ್ಷರಗಳದು. ಒಂದು ದಿನ ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ತೋರಿಸಿ. ಹೊರತೆಗೆಯುವಾಗ ಮೂಲ ಪ್ರಮಾಣಗಳನ್ನೂ ಸೇರಿಸಿದ್ದರೆ ಗೋಡೆಯೊಂದರ ಹೆಸರಿನ ಜೊತೆ ಗ್ರಾಸ್ ವಾಲ್ಯೂಮ್, ನೆಟ್ ವಾಲ್ಯೂಮ್ ಎಂಬ ಎರಡು ಸಂಖ್ಯೆಗಳು ಸಿಗುತ್ತವೆ. ತೆರಪು ಕಳೆಯದ್ದೊಂದು, ಕಳೆದದ್ದೊಂದು. ಪರದೆಯ ಮೇಲೆ ಮಾಯೆಯಂತೆ ಕಂಡ ಕಟ್ಟಡ ಒಳಗೆ ಇಂಥ ಸಾಲುಗಳ ಕಂತೆ ಎಂದು ಗೊತ್ತಾದ ಮೇಲೆ ಹುಡುಗರ ಭಯವೂ ಭಕ್ತಿಯೂ ಒಟ್ಟಿಗೆ ಇಳಿಯುತ್ತವೆ.

ಮಾದರಿಯ ವಿವರ ಮಟ್ಟಗಳ ಬಗ್ಗೆ, ಅದೇ 100ರಿಂದ 500ರವರೆಗಿನ ಎಲ್ಒಡಿ, ಮತ್ತು ಮಾಹಿತಿ ನಿರ್ವಹಣೆಯ ಐಎಸ್ಒ 19650 ಬಗ್ಗೆ ಒಂದು ತರಗತಿ ಸಾಕು. ಪರೀಕ್ಷೆಯಲ್ಲಿ ಕೇಳುತ್ತಾರೆ ಎಂದು ವಾರಗಟ್ಟಲೆ ಬಾಯಿಪಾಠ ಮಾಡಿಸಬೇಡಿ. 300ರ ಮಟ್ಟದ ಮಾದರಿಯಲ್ಲಿ ಕಂಬ ಇರುತ್ತದೆ, ಸಾಮಾನ್ಯವಾಗಿ ಅದರೊಳಗಿನ ಸರಳು ಇರುವುದಿಲ್ಲ. ಉಕ್ಕಿನ ತೂಕಕ್ಕೆ ಸರಳುಗಳ ಉದ್ದ, ಬಾಗು ಬರೆದ ಬಾರ್ ಬೆಂಡಿಂಗ್ ಪಟ್ಟಿಯೇ ಗತಿ, ವ್ಯಾಸದ ವರ್ಗವನ್ನು 162ರಿಂದ ಭಾಗಿಸುವ ಹಳೆಯ ಸೂತ್ರವೇ ಗತಿ ಎಂದು ತಿಳಿದರೆ ಸಾಕು.

ಹೆಚ್ಚು ಸಮಯ ಕೊಡಬೇಕಾದದ್ದು ನಮ್ಮ ನೆಲಕ್ಕೆ. ತಂತ್ರಾಂಶದ ಜೊತೆ ಬರುವ ಗೋಡೆ, ನೆಲಹಾಸುಗಳ ಭಂಡಾರ ಇಲ್ಲಿಯದಲ್ಲ. ಅದರಲ್ಲಿ ಜಿಪ್ಸಂ ಹಲಗೆಯ ಗೋಡೆ ಇದೆ, ಬೀದರಿನ ಕೆಂಪು ಜಂಬಿಟ್ಟಿಗೆಯ ಗೋಡೆ ಇಲ್ಲ. ಮರದ ನೆಲ ಇದೆ, ಫರಸಿ ಕಲ್ಲಿನ ನೆಲ ಇಲ್ಲ. ಹಾಗಾಗಿ ಮೊದಲ ತಿಂಗಳಲ್ಲಿ ವಿದ್ಯಾರ್ಥಿಗಳೇ ಭಂಡಾರ ಕಟ್ಟಲಿ: 230 ಮಿಲಿಮೀಟರ್ ದಪ್ಪದ ಇಟ್ಟಿಗೆ ಗೋಡೆ, ಜಂಬಿಟ್ಟಿಗೆ ಗೋಡೆ, ಸೈಜುಗಲ್ಲಿನ ಪಾಯ, ಶಹಾಬಾದ ಕಲ್ಲಿನ ನೆಲ. ಪ್ರತಿಯೊಂದಕ್ಕೂ ಲೋಕೋಪಯೋಗಿ ಇಲಾಖೆಯ ದರಪಟ್ಟಿಯ ಬಾಬ್ತಿನ ಸಂಖ್ಯೆಯನ್ನು ಒಂದು ಗುಣವಾಗಿ ಜೋಡಿಸಲಿ. ‘ಗೋಡೆ 1’, ‘ಹೊಸ ಗೋಡೆ’, ‘ಗೋಡೆ ಫೈನಲ್’ ಎಂದು ಹೆಸರಿಟ್ಟರೆ ಮುಲಾಜಿಲ್ಲದೆ ವಾಪಸ್ ಕಳಿಸಿ. ಹೆಸರು ಕೆಟ್ಟರೆ ಪ್ರಮಾಣ ಸರಿಯಿದ್ದೂ ದರ ಕೂರುವುದಿಲ್ಲ.

ಮಣ್ಣಿನ ವಿಷಯವಂತೂ ಮಾದರಿಗೆ ಸೋಕದ ಲೋಕ. ಪಾಯದ ಕಾಂಕ್ರೀಟನ್ನು ಎಲ್ಲರೂ ಬಿಡಿಸುತ್ತಾರೆ, ಅದು ಕೂರುವ ಗುಂಡಿಯನ್ನು ಯಾರೂ ಬಿಡಿಸುವುದಿಲ್ಲ. ಅಫಜಲಪುರದ ಕಡೆ ಕರಿ ಎರೆ, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಆಳಕ್ಕೆ ಅಗೆಯಬೇಕು, ಎರೆ ತೆಗೆದು ಮುರಮ್, ಅಂದರೆ ಗರಸು ಮಣ್ಣು, ತುಂಬಬೇಕು. ಬೀದರಿನಲ್ಲಿ ಕೆಂಪುಕಲ್ಲು ಕಡಿಯಬೇಕು, ಯಾದಗಿರಿ ಕೋಟೆಯ ಗುಡ್ಡದ ಬದಿಯಲ್ಲಾದರೆ ಬಂಡೆ ಅಡ್ಡ ಬರುತ್ತದೆ. ಮೂರು ಕಡೆಯೂ ಒಂದೂವರೆ ಮೀಟರ್ ಚೌಕದ, 1.8 ಮೀಟರ್ ಆಳದ ಗುಂಡಿ 4.05 ಘನ ಮೀಟರೇ. ಆದರೆ ಐಎಸ್ 1200ರ ಮೊದಲ ಭಾಗ ಮೆದುಮಣ್ಣು, ಗಟ್ಟಿಮಣ್ಣು, ಮೆದುಕಲ್ಲು, ಗಟ್ಟಿಕಲ್ಲು ಎಂದು ಬೇರೆ ಬೇರೆಯಾಗಿ ಅಳೆಯಲು ಹೇಳುತ್ತದೆ, ದರವೂ ಬೇರೆ. ಮುರಮ್‌ನದು ಇನ್ನೂ ಒಂದು ತಕರಾರು: ಟಿಪ್ಪರಿನಲ್ಲಿ ಸಡಿಲವಾಗಿ ಬಂದದ್ದು ಗುಂಡಿಯಲ್ಲಿ ನೀರು ಹಾಕಿ ದಮ್ಮಸು ಮಾಡಿದ ಮೇಲೆ ಕುಗ್ಗುತ್ತದೆ. ಮಾದರಿ ಹೇಳುವುದು ಕುಗ್ಗಿದ ಅಳತೆ, ಹಣ ಕೇಳುವುದು ಸಡಿಲ ಅಳತೆ. ಅದನ್ನೂ ನಮ್ಮ ಕಡೆ ಬ್ರಾಸ್‌ನಲ್ಲಿ ಕೇಳುತ್ತಾರೆ. ‘ಎಷ್ಟು ಬ್ರಾಸ್ ತರಿಸಲಿ’ ಎಂದು ಮೇಸ್ತ್ರಿ ಕೇಳಿದಾಗ ಪದವೀಧರನೊಬ್ಬ ‘ಘನ ಮೀಟರಿನಲ್ಲಿ ಮಾತ್ರ ಹೇಳಬಲ್ಲೆ’ ಎಂದು ನಿಂತದ್ದನ್ನು ನೋಡಿದ್ದೇನೆ. ಒಂದು ಬ್ರಾಸ್ ನೂರು ಘನ ಅಡಿ, 2.83 ಘನ ಮೀಟರ್. ಪಠ್ಯದಲ್ಲಿ ಇಲ್ಲದಿದ್ದರೂ ಹೇಳಿಕೊಡಿ.

ಪ್ರಾಜೆಕ್ಟ್ ವಿಷಯ ಆರಿಸುವಾಗ ಒಂದು ಎಚ್ಚರಿಕೆ. ಪ್ರತಿ ವರ್ಷ ಒಂದು ಗುಂಪಾದರೂ ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿಯನ್ನೋ ಬೀದರಿನ ಮಹಮೂದ್ ಗಾವಾನನ ಮದರಸಾವನ್ನೋ ಬಿಡಿಸುತ್ತೇವೆ ಎಂದು ಬರುತ್ತದೆ. ಅಂಥ ಒಂದು ಮಾದರಿಯನ್ನು ಪರೀಕ್ಷಕನಾಗಿ ನೋಡಿದೆ. ಮದರಸಾದ ಮಿನಾರಿನ ಬಣ್ಣದ ಬಿಲ್ಲೆಗಳವರೆಗೆ ತಂದಿದ್ದರು, ಕಣ್ಣಿಗೆ ಹಬ್ಬ. ಕಲ್ಲು ಗಾರೆಯ ಗಾತ್ರ ಎಷ್ಟು ಎಂದು ಕೇಳಿದೆ. ಪಟ್ಟಿ ತೆಗೆದರು, ಸೊನ್ನೆ ಬಂತು. ಗೋಡೆಯ ದಪ್ಪ ಗೊತ್ತಿಲ್ಲದೆ ಬರಿಯ ಮೇಲ್ಮೈ ಸುತ್ತಿದ್ದರು. ವಾಸ್ತುಶಿಲ್ಪದ ವಿದ್ಯಾರ್ಥಿಗಳಾಗಿದ್ದರೆ ಕೈಕುಲುಕುತ್ತಿದ್ದೆ. ನಿಮ್ಮವರಿಗೆ ಬಸ್ ತಂಗುದಾಣ, ಶಾಲೆಯ ಶೌಚಾಲಯ, ನೀರಿನ ತೊಟ್ಟಿ ಕೊಡಿ. ಇನ್ನೂ ಒಳ್ಳೆಯದು, ಅವರು ಕೂತಿರುವ ತರಗತಿಯನ್ನೇ ಕೊಡಿ, ಸಂದೇಹ ಬಂದಾಗ ಎದ್ದು ಹೋಗಿ ಗೋಡೆ ಮುಟ್ಟಬಹುದು.

ಅಂಕಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ವಿದ್ಯಾರ್ಥಿಗಳು ಅಂಕ ಇರುವ ಕಡೆಗೇ ನಡೆಯುತ್ತಾರೆ. ಮಾದರಿಯ ಅಂದಕ್ಕೆ ಅಂಕ ಇಡಬೇಡಿ. ಸರಿಯಾದ ಮೊತ್ತಕ್ಕೆ ಸ್ವಲ್ಪ ಇಡಿ. ಅರ್ಧದಷ್ಟು ಅಂಕ ವ್ಯತ್ಯಾಸದ ವಿವರಣೆಗೆ ಇರಲಿ: ಮಾದರಿ ಇಷ್ಟು ಹೇಳಿತು, ಕೈಲೆಕ್ಕ ಇಷ್ಟು ಹೇಳಿತು, ನಡುವಿನದು ಇದರಿಂದ ಬಂತು. ಎರಡೂ ಲೆಕ್ಕ ಚಾಚೂ ತಪ್ಪದೆ ಹೊಂದಿಕೊಂಡು ಬಂದರೆ ನನಗೆ ಮೊದಲು ಅನುಮಾನ ಬರುವುದು ನಕಲಿನ ಮೇಲೆ.

ಇನ್ನು ಎಲ್ಲಿಂದ ಶುರು ಎಂಬುದು. ಮೊದಲ ವಾರ ಪ್ರಯೋಗಾಲಯದ ಬೀಗ ತೆಗೆಯಬೇಡಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಟೇಪು ಕೊಟ್ಟು ತರಗತಿಯ ಶಹಾಬಾದ ಕಲ್ಲಿನ ನೆಲ ಅಳೆಸಿ, ಕೂಡಿಸಿದ ಅಂಕಿ ಬರೆದು ಸಹಿ ಮಾಡಿಸಿ ನಿಮ್ಮ ಬಳಿ ಇಟ್ಟುಕೊಳ್ಳಿ. ಎರಡನೆಯ ವಾರ ಅದೇ ತರಗತಿಯನ್ನು ಮಾದರಿಯಲ್ಲಿ ಬಿಡಿಸಿ ಕೋಣೆಯ ವಿಸ್ತೀರ್ಣ ಕೇಳಲಿ. ಮಾದರಿಯ ಅಂಕಿ ಚೂರು ಕಡಿಮೆ ಬರುತ್ತದೆ. ಕಾರಣ ಹುಡುಕಲು ಅರ್ಧ ಗಂಟೆ ಹಿಡಿಯುತ್ತದೆ, ನೀವು ಬಾಯಿ ಬಿಡಬೇಡಿ. ಕೊನೆಗೆ ಯಾರಾದರೊಬ್ಬರು ಎದ್ದು ಬಾಗಿಲಿನವರೆಗೆ ನಡೆದು ಕೆಳಗೆ ನೋಡುತ್ತಾರೆ. ಹೊಸ್ತಿಲಿನಡಿಯಲ್ಲಿ, ಗೋಡೆಯ ದಪ್ಪದಷ್ಟು ಅಗಲಕ್ಕೆ, ಮಾದರಿ ಎಣಿಸದ ಒಂದು ಪಟ್ಟಿ ಫರಸಿ ಇರುತ್ತದೆ.